ಹೊತ್ತವನ ಪಾಲು

ಗಾಂಧಿಬಜಾರಿನ ಅಡ್ಡಗಲ್ಲಿಯಲ್ಲಿ, ಇಬ್ಬರು ಎದುರಾದರೆ
ಒಬ್ಬರು ಗೋಡೆಗೆ ಒರಗಬೇಕಾದಲ್ಲಿ
ಮಕ್ತುಮ್ ಸಾಹೇಬರ ಬ್ಯಾಗಿನಂಗಡಿ.
ನೇತುಹಾಕಿದ್ದಾರೆ ಶಾಲೆಮಕ್ಕಳ ಗುಲಾಬಿ, ಕಾಲೇಜಿನ ಕಪ್ಪು,
ಯಾವುದೋ ಹಿಮಪರ್ವತದ ಚಿತ್ರವಿರುವ ಒಂದು ಕಿತ್ತಳೆ.

"ಖಾಲಿ ಚೀಲ ಎಲ್ಲರಿಗೂ ಹಿತವೇ" ಅಂದರು ಸಾಹೇಬರು.
ಎದುರಿನ ದಿನಸಿ ಅಂಗಡಿಯಿಂದ ಹದಿನೈದು ಕೇಜಿ ಅಕ್ಕಿ ಎರವಲು ತರಿಸಿ
ಕಿತ್ತಳೆಯ ಹೊಟ್ಟೆಗಿಳಿಸಿ, ನನ್ನ ಬೆನ್ನಿಗೇರಿಸಿ,
"ಹೊಳೆ ಬಸ್‌ಸ್ಟಾಪಿನ ತನಕ ನಡೆದು ಬನ್ನಿ.
ಮೊಬೈಲು ಇಲ್ಲಿರಲಿ, ಅಕ್ಕಿ ನನ್ನದಲ್ಲ."

ತರಕಾರಿ ಗಾಡಿಗಳು ಮುಗಿಯುವಷ್ಟರಲ್ಲಿ
ಪಟ್ಟಿ ಕತ್ತಿನ ಬುಡ ಕಚ್ಚಿತು.
ಹಠಮಾರಿ ಕರು ಹಗ್ಗ ಜಗ್ಗಿದ ಹಾಗೆ ಭಾರ ಹಿಂದಕ್ಕೆ,
ನಾನು ಮುಂದಕ್ಕೆ.
ಆಗ ಅಪ್ಪ ನೆನಪಾದ.

ಅಪ್ಪ ಕೋವಿ ಮುಟ್ಟಿದವನಲ್ಲ.
ಕೋವಿ ಪಟೇಲರದು, ನಾಯಿ ಪಟೇಲರದು,
ಹಳು ಸೋಯುವ ಕೂಗು ಊರಿನದು,
ಬಿದ್ದದ್ದನ್ನು ಹೊರುವ ಹೆಗಲು ಅಪ್ಪನದು.
ಕಾನೂನು ಬರುವ ಮೊದಲೂ, ಬಂದ ಮೇಲೆ ಒಂದಷ್ಟು ವರ್ಷವೂ.
ಕಾಲು ಕಟ್ಟಿ, ಗಳು ತೂರಿಸಿ, ಮುಂದೊಬ್ಬ ಹಿಂದೊಬ್ಬ;
ಇಳಿಜಾರಿನಲ್ಲಿ ಭಾರವೆಲ್ಲ ಮುಂದಿನವನಿಗೆ.
ಅಪ್ಪ ಯಾವಾಗಲೂ ಮುಂದೆ.
ಬಲ ಹೆಗಲ ಮೇಲೆ ನೆಲ್ಲಿಕಾಯಿಯಷ್ಟು ಗಂಟು,
ಒತ್ತಿದರೆ ಒಳಗೆ ಏನೋ ಜಾರುತ್ತಿತ್ತು,
ಚಿಕ್ಕಂದಿನಲ್ಲಿ ಅದೇ ನನ್ನ ಆಟ.
ಹೊಡೆದವನಿಗೆ ತಲೆ, ತೊಡೆ. ನಾಯಿಗೂ ಒಂದು ಪಾಲು.
ಹೊತ್ತವನದು ಕೊನೆಗೆ: ತೇಗದೆಲೆಯಲ್ಲಿ ಕುತ್ತಿಗೆಯ ಎಲುಬು,
ಎಲೆಯ ಕೆಂಪೋ ಅದರದೇ ಕೆಂಪೋ ತಿಳಿಯದ ಹಾಗೆ.

ಮರಳಿ ಬಂದು ಅಕ್ಕಿ ಇಳಿಸಿದೆ.
"ಇದಾಗಲ್ಲ ಸಾಹೇಬರೇ, ಬಣ್ಣ ಕೂಗುತ್ತೆ.
ಈ ಅಂಟುಪಟ್ಟಿ ಪರ್ರೆಂದರೆ ಗುಡ್ಡದಾಚೆಯ ಕಡವೆ ಎಚ್ಚರಾಗುತ್ತೆ.
ಲಂಟಾನಕ್ಕೆ ಉಜ್ಜಿದರೂ ಬಟ್ಟೆ ಸುಮ್ಮನಿರಬೇಕು.
ಮತ್ತೆ ಬೆನ್ನಿಗೂ ಚೀಲಕ್ಕೂ ನಡುವೆ ಒಂದು ಅಟ್ಟಣೆ,
ಕಾಟಿಯ ತಲೆ ಕೂರುವಷ್ಟು, ಕೊಂಬಿನ ಸಮೇತ."

ಹೊಲಿಗೆಯಂತ್ರ ನಿಂತಿತು.
ಬಾಯಲ್ಲಿದ್ದ ದಾರದ ತುಂಡು ಉಗುಳಿ, ಬಾಗಿಲತ್ತ ನೋಡಿ,
"ನನಗೆ ಮೂರು ಹೆಣ್ಣುಮಕ್ಕಳಪ್ಪಾ.
ಶಿಕಾರಿ ಸಾಮಾನು ನಾನು ಹೊಲಿಯಲ್ಲ."

ಗುರುತಿನ ಚೀಟಿ ತೆಗೆದೆ: ದಿನಗೂಲಿ ವಾಚರ್, ಶೆಟ್ಟಿಹಳ್ಳಿ ಕಾಡು.
ಫೋಟೋದಲ್ಲಿ ಮೀಸೆ ಇಲ್ಲ, ಅದಕ್ಕೂ ವಿವರಣೆ ಕೊಡಬೇಕಾಯಿತು.
ಹೋದ ತಿಂಗಳು ಹಳ್ಳದಲ್ಲಿ ಒಂದು ಕಾಟಿ,
ಬೈಕಿನ ಕ್ಲಚ್ ವೈರಿನ ಉರುಳು.
ಮಾಂಸ ಹೋಗಿತ್ತು. ತಲೆ ಬಿಟ್ಟಿದ್ದರು,
ಅವರಿಗೂ ಭಾರವಾಗಿರಬೇಕು.
ಮಹಜರಿಗೆ ತಲೆ ಬೇಕೆಂದರು ರೇಂಜರು.
ಒಂಬತ್ತು ಮೈಲಿ, ಗೊಬ್ಬರದ ಚೀಲದಲ್ಲಿ.
ಕೊಂಬಿನ ತುದಿ ಹೆಜ್ಜೆಹೆಜ್ಜೆಗೂ
ಪಕ್ಕೆಗೆ ಚುಚ್ಚಿ ಏನೋ ಕೇಳುತ್ತಿತ್ತು.
ಬಿಚ್ಚಿ ತಂದ ಉರುಳುಗಳು ಬೇರೆ. ಹದಿನೇಳು.

ಸಾಹೇಬರು ಒಳಗೆ ಕರೆದರು: "ಶಮೀಮಾ, ಕೊಡ ಎಲ್ಲಿ ಹೊರ್ತೀಯ, ತೋರಿಸು."
ಆಕೆ ಕೈ ಒರೆಸಿಕೊಳ್ಳುತ್ತಾ ಬಂದು
ಸೊಂಟದ ಏಣಿಗೆ ಎರಡು ಸಲ ತಟ್ಟಿದಳು.
"ಇಲ್ಲಿ. ಮೂವರು ಮಕ್ಕಳನ್ನೂ ನಲ್ಲಿ ನೀರನ್ನೂ ಇದೇ ಹೊತ್ತಿದ್ದು.
ಹೆಗಲು ಬರೀ ಹಿಡ್ಕೊಳ್ಳೋಕೆ.
ಗಂಡಸರಿಗೆ ಇದು ಯಾವಾಗ ತಿಳಿಯುತ್ತೋ!"

ಕತ್ತಿನ ಉಬ್ಬುಮೂಳೆಯಿಂದ ಆ ಏಣಿನ ತನಕ ಟೇಪು ಹಿಡಿದು
ಹದಿನೆಂಟೂವರೆ ಎಂದು ಕ್ಯಾಲೆಂಡರಿನಲ್ಲಿ ಬರೆದುಕೊಂಡರು,
ಗ್ಯಾಸ್ ಬುಕ್ ಮಾಡಿದ ತಾರೀಖಿನ ಕೆಳಗೆ.

ಹಳೇ ಜೀಪಿನ ಹುಡ್ಡಿನ ಬಟ್ಟೆ, ಮುರಿದ ಮಂಚದ ಅಲ್ಯೂಮಿನಿಯಂ ಪೈಪು,
ಸೊಂಟಕ್ಕೆ ಅಂಗೈ ಅಗಲದ ಪಟ್ಟಿ, ಗುಂಡಿಗಳು ಮರದವು.
ಈಗ ಅದರಲ್ಲಿ ಅಕ್ಕಿ, ಕ್ಯಾಮೆರಾ, ಬ್ಯಾಟರಿ, ಸಿಕ್ಕಿದ ಉರುಳು.
ಎಷ್ಟು ಹಿತವೆಂದರೆ ಕೆಲವು ದಿನ
ಬೆನ್ನ ಮೇಲೆ ಏನಿದೆಯೆಂಬುದೇ ಮರೆತುಹೋಗುತ್ತದೆ.
ಇದು ಒಳ್ಳೆಯದೋ ಅಲ್ಲವೋ ಗೊತ್ತಿಲ್ಲ.

ರಜೆಗೆ ಹೋದಾಗ ಅಪ್ಪನ ಬೆನ್ನಿಗೆ ಹಾಕಿ ನೋಡಿದೆ.
ಅಂಗಳದಲ್ಲಿ ಎರಡು ಸುತ್ತು.
"ಏನೂ ಇಲ್ವಲ್ಲೋ ಇದರಲ್ಲಿ" ಅಂದ.
ಹೌದು, ಇರಲಿಲ್ಲ.
ಆದರೂ ಬಲಕ್ಕೆ ವಾಲಿಕೊಂಡೇ ನಡೆಯುತ್ತಿದ್ದ.