ಏಳನೇ ಬುಟ್ಟಿ

ಹಗಲು ನಜ್ಮಾದ ಲಾಂಡ್ರಿಯಲ್ಲಿ ಇಸ್ತ್ರಿ,
ರಾತ್ರಿ, ಈ ಹತ್ತು ದಿನ ಮಾತ್ರ, ಬುಟ್ಟಿ ಹೊರುವ ಕೆಲಸ.
ಸಂಬಳವಿಲ್ಲ. ನೇರಳೆ ಅಂಗಿ, ಟೊಪ್ಪಿ, ಊಟದ ಪೊಟ್ಟಣ,
ಕೊನೆಗೊಂದು ಸರ್ಟಿಫಿಕೇಟು ಕೊಡುತ್ತಾರಂತೆ.
ಅಂಗಿಯ ಹೊಲಿಗೆ ಸರಿಯಿಲ್ಲ, ಕಂಕುಳಲ್ಲಿ ಎಳೆಯುತ್ತದೆ.

ಹೊರಗೆ ದೋಹಾ ರಾತ್ರಿ ಒಂಬತ್ತಕ್ಕೂ ಬೇಯುತ್ತಿದೆ.
ಒಳಗೆ ಸೀಟುಗಳಡಿಯ ತೂತುಗಳಿಂದ ತಣ್ಣನೆ ಗಾಳಿ,
ಇಡೀ ಮೈದಾನವನ್ನು ಫ್ರಿಜ್ಜಿನಲ್ಲಿಟ್ಟು
ಬಾಗಿಲು ಮುಚ್ಚಲು ಮರೆತ ಹಾಗೆ.

ಹೆಂಗಸರ ಸಾವಿರದೈನೂರು ಮೀಟರು, ಎರಡನೇ ಹೀಟು.
ಹನ್ನೆರಡು ಮಂದಿ, ಹನ್ನೆರಡು ಬುಟ್ಟಿ, ನನ್ನದು ಏಳು.
ಶುರುವಾಗುವ ಗೆರೆ ಒಂದು ಕಡೆ, ಮುಗಿಯುವ ಗೆರೆ ಇನ್ನೊಂದು ಕಡೆ.
ಇಲ್ಲಿ ಕಳಚಿದ್ದನ್ನು ಅಲ್ಲಿಗೆ ಮುಟ್ಟಿಸಬೇಕು.
ಓಡಬಾರದು, ಸಾಲು ತಪ್ಪಬಾರದು,
ಬುಟ್ಟಿಯೊಳಗೆ ಕೈ ಹಾಕಲೇಬಾರದು
ಅಂತ ಅರ್ನೆಲ್ ಮೂರು ಸಲ ಹೇಳಿದ್ದಾನೆ.
ಅವನಿಗೆ ನಾನು ಲವೀನಾ ಅಲ್ಲ, ‘ಸೆವೆನ್’.

ಅವಳ ಎದೆಯ ಮೇಲೆ ಬರೆದದ್ದು: ಮೊಖೆಥಿ.
ದೇಶ ಲೆಸೊಥೊ ಅಂತೆ, ಎಲ್ಲುಂಟೋ ಗೊತ್ತಿಲ್ಲ,
ರೂಮಿಗೆ ಹೋಗಿ ಮೊಬೈಲಿನಲ್ಲಿ ನೋಡಬೇಕು.
ಮುಖ ನೋಡಲಿಲ್ಲ ನಾನು. ಬಟ್ಟೆ ನೋಡಿದೆ.
ಹನ್ನೊಂದು ವರ್ಷದ ಚಾಳಿ, ಎಲ್ಲಿ ಬಿಡುತ್ತದೆ?
ಪ್ಯಾಂಟಿನ ಎಡ ಮೊಣಕಾಲಿನಲ್ಲಿ ಮಾತ್ರ ನೂಲು ಸವೆದಿದೆ,
ಎಡಗಾಲೂರಿ ಕೂರುವವಳು,
ಒಲೆ ಮುಂದೆಯೋ, ಯಾವುದಾದರೂ ಮಗುವಿನ ಮುಂದೆಯೋ.
ಜಾಕೆಟ್ಟಿನ ಜಿಪ್ಪು ಬದಲಿಸಿದ್ದು, ಕೈಹೊಲಿಗೆ,
ದಾರದ ಬಣ್ಣ ಕೂಡಿಲ್ಲ.
ಕಾಲರಿನ ಒಳಗೆ ತಲೆಗೆಣ್ಣೆಯ ಕಲೆ;
ಸೋಡಾಪುಡಿ ಹಾಕಿ ತಿಕ್ಕಿದರೆ ಹೋಗುತ್ತಿತ್ತು.
ಪಕ್ಕದ ಎಂಟನೇ ಬುಟ್ಟಿಯಲ್ಲಿ
ಇನ್ನೂ ಅಂಗಡಿಯ ಮಡಿಕೆ ಬಿಡದ ಹೊಸ ಸೂಟು.

ಢಂ ಅಂತ ಪಿಸ್ತೂಲು. ಅವರು ಅತ್ತ, ನಾವು ಇತ್ತ.
ಬಾಗಿನ ಹೊರಗಿನಿಂದ, ಓಟಕ್ಕೆ ಎದುರುಮುಖವಾಗಿ,
ಶಿಲುಬೆಯ ಹಾದಿಯಲ್ಲಿ ನಡೆವವರ ಹಾಗೆ ಸಾಲಾಗಿ.

ಒಂದು ತೋಬಿಗೆ ನಮ್ಮಲ್ಲಿ ನಾಲ್ಕು ನಿಮಿಷ.
ಕಾಲರು, ತೋಳು, ತೋಳು, ಬೆನ್ನು, ಎದೆಪಟ್ಟಿ.
ಐದಾದರೆ ಮುದೀರ್ ಮಾತಾಡುವುದಿಲ್ಲ,
ಗೋಡೆಯ ಗಡಿಯಾರ ನೋಡುತ್ತಾನೆ.
ಇಲ್ಲಿಯೂ ಅಷ್ಟೇ ಹೊತ್ತಿನ ಕೆಲಸ,
ಗಡಿಯಾರ ಮಾತ್ರ ಮನೆಯಷ್ಟು ದೊಡ್ಡದು.

ಮೊದಲ ಸಲ ಎದುರಾದಾಗ ಐದನೆಯವಳು.
ಮುಳ್ಳಿನ ಬೂಟು ಕಚಕಚ ಅನ್ನುವುದು ಕೇಳಿತು,
ಟಿವಿಯಲ್ಲಿ ಅದು ಕೇಳುವುದಿಲ್ಲ.
ಎರಡನೇ ಸಲ ಒಂಬತ್ತು.
ಅಷ್ಟರಲ್ಲಿ ಬುಟ್ಟಿ ಇಳಿಸಿ ನಿಂತಿದ್ದೆವು,
ಗಂಟೆ ಹೊಡೆದರು,
ಬಾಯಂಚಿನಲ್ಲಿ ಬಿಳಿ ನೊರೆ, ಹನ್ನೊಂದು.
ಶಿರ್ವದ ಶಾಲೆಯಲ್ಲಿ ನಾನೂ ಒಮ್ಮೆ ಓಡಿದ್ದೆ,
ಮೂರನೇ ಬಹುಮಾನ, ಸ್ಟೀಲಿನ ಸಾಬೂನು ಡಬ್ಬಿ.
ಯಾಕೆ ಈಗ ನೆನಪಾಯಿತೋ. ಓಡಿದ್ದು ಮೂವರೇ.

ತಲೆ ಬಗ್ಗಿಸಿ ನೋಡುತ್ತೇನೆ, ದೇವರೇ,
ಕೈಗಳು ತಮ್ಮ ಪಾಡಿಗೆ ಕೆಲಸ ಮುಗಿಸಿವೆ:
ತೋಳು ಒಳಗೆ, ಕಾಲರು ಮೇಲೆ,
ಕೌಂಟರಿನಲ್ಲಿಡುವ ಹಾಗೆ ಚೌಕವಾಗಿ ಮಡಚಿದ ಜಾಕೆಟ್ಟು.
ಬಿಚ್ಚಿ ಮುದ್ದೆ ಮಾಡೋಣವೆಂದರೆ ಅರ್ನೆಲ್ ನೋಡುತ್ತಿದ್ದಾನೆ.

ಬಂದಳು. ಹನ್ನೊಂದನೆಯವಳಾಗಿಯೇ ಬಂದಳು.
ಬೋರ್ಡಿನಲ್ಲಿ ತನ್ನ ಅಂಕಿ ಹುಡುಕಿ
ನಕ್ಕಳೋ, ಉಸಿರು ಸಿಗದೆ ಬಾಯಿ ಹಾಗಾಯಿತೋ.
ಬುಟ್ಟಿಯ ಮುಂದೆ ಎಡ ಮೊಣಕಾಲೂರಿದಳು.
ಜಾಕೆಟ್ಟು ನೋಡಿದಳು. ನನ್ನನ್ನು ನೋಡಿದಳು.
ಬೈಗುಳ ಯಾವ ಭಾಷೆಯಲ್ಲಿ ಬರುತ್ತದೋ ಅಂತ ಕಾದೆ.

ಪ್ಯಾಂಟು ಏರಿಸಿಕೊಂಡಳು. ಜಾಕೆಟ್ಟಿನ ಮಡಿಕೆ ಬಿಚ್ಚಲಿಲ್ಲ.
ಹಾಗೆಯೇ ಎರಡೂ ಕೈಯಲ್ಲಿ ಎತ್ತಿ
ಎದೆಗವಚಿಕೊಂಡು ಹೊರಟಳು,
ಒದ್ದೆ ಬೆನ್ನಿಗೆ ಆ ಗಾಳಿ, ಭುಜ ಗಡಗಡ.

ಹಾಕಿಕೋ ಮಾರಾಯ್ತಿ, ಚಳಿ ಉಂಟು, ಅಂದೆ,
ಅವಳು ಸುರಂಗದ ಬಾಗಿಲು ದಾಟಿದ ಮೇಲೆ.

‘ಸೆವೆನ್!’ ಅಂದ ಅರ್ನೆಲ್.
ಮೂರನೇ ಹೀಟಿಗೆ ಖಾಲಿ ಬುಟ್ಟಿ ಹಿಡಿದು ಓಡಿದೆ.
ಓಡಬಾರದಿತ್ತು.