ಕಟ್ಟಿದ ದಿನ

ಮಂಗಳವಾರ ರಾತ್ರಿ ಒಂದು ಸಲ ಕಟ್ಟಿದೆ,
ಬುಧವಾರ ಬೆಳಿಗ್ಗೆ ಇನ್ನೊಂದು ಸಲ.
ಅದೇ ಕೋಡು, ಅದೇ ಕಂಪೈಲರು,
ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ
ಅದೇ ಎರಡನೇ ಮಹಡಿ.
ಒಂದಕ್ಷರ ಮುಟ್ಟಿಲ್ಲ ನಾನು.
ಆದರೂ ಎರಡು ಫೈಲಿನ ಹ್ಯಾಶ್
ಒಂದಕ್ಕೊಂದು ಮುಖ ಕೊಡುತ್ತಿಲ್ಲ,
ಪಾಲಾದ ಅಣ್ಣತಮ್ಮಂದಿರ ಹಾಗೆ.

ಬಿಚ್ಚಿ ನೋಡಿದೆವು, ತಸ್ನೀಮ್ ಮತ್ತು ನಾನು,
ಮೊರದಲ್ಲಿ ಅಕ್ಕಿ ಹರಡಿ ಕಲ್ಲು ಆರಿಸುವಂತೆ.
ಮೂರು ಲಕ್ಷ ಬೈಟಿನಲ್ಲಿ ಬೇರೆ ಇದ್ದದ್ದು ಏಳೇ ಏಳು:
ತಾರೀಖಿನ ಒಂದಂಕಿ,
ಗಂಟೆ ನಿಮಿಷ ಸೆಕೆಂಡಿನ ಆರು.
ಹಾಲಿನ ಫ್ಯಾಟು ಅಳೆಯುವ ಪೆಟ್ಟಿಗೆಗೆ
ತಾನು ಹುಟ್ಟಿದ ಗಳಿಗೆ ಹೇಳಿಕೊಳ್ಳುವ ಚಟ;
ಹಿಂದೆ ಕೆಲಸ ಬಿಟ್ಟವರು ಯಾರೋ ಕಲಿಸಿ ಹೋಗಿದ್ದರು.

ತಪಾಸಣೆಗೆ ಬಂದ ನಂಜುಂಡಾರಾಧ್ಯರು
ಕನ್ನಡಕ ಹಣೆಗೇರಿಸಿ ಕೇಳಿದರು:
"ನೀವು ಕೊಟ್ಟ ಕೋಡಿನಿಂದ ನಾನೇ ಕಟ್ಟಿದರೂ
ಇದೇ ಬರಬೇಕಲ್ಲ? ಬರಲಿಲ್ಲ.
ಹಾಗಾದರೆ ಡೈರಿಗೆ ಹೋಗಿರುವುದು
ಇದೇ ಅಂತ ನಂಬುವುದು ಹೇಗೆ?"
ಏಳಂಕಿಯ ಕಥೆ ಹೇಳಿದೆ.
"ಕಥೆ ಬೇಡ" ಅಂದರು. ಕಾಫಿ ಕುಡಿದರು. ಹೋದರು.

ಆ ಸಿಟ್ಟಿಗೆ ಬಿಲ್ಡಿನ ಗಡಿಯಾರಕ್ಕೆ ಸೊನ್ನೆ ಕೊಟ್ಟೆ.
ಎಷ್ಟು ಸಲ ಕಟ್ಟಿದರೂ ಒಂದೇ ಹ್ಯಾಶ್.
ತಸ್ನೀಮ್ ಡಬ್ಬಿಯಿಂದ ಒಂದು ಕಜ್ಜಾಯ ಕೊಟ್ಟಳು.

ಹದಿನೈದು ದಿನಕ್ಕೆ ಪಾಂಡವಪುರದ ಕಡೆಯಿಂದ ಫೋನು,
ಡೈರಿ ಸೆಕ್ರೆಟರಿ ಚಿಕ್ಕತಾಯಮ್ಮ:
"ಸಾ, ಹೊಸಾದ್ ಹಾಕುದ್ರಲ್ಲ, ಆನ್ ಮಾಡುದ್ರೆ
ಎಪ್ಪತ್ತನೇ ಇಸ್ವಿ ಜನವರಿ ಒಂದು ಅಂತದೆ.
ನಾನೇ ಹುಟ್ಟಿರ್ನಿಲ್ಲ ಕಣ ಸಾ ಆಗ.
ಜನ ನಗ್ತಾವ್ರೆ. ಹಳೇ ಮೆಸೀನಿಗೆ ಬಣ್ಣ ಬಳ್ದು
ಕೊಟ್ಟವ್ರೆ ಅಂತಾವ್ರೆ."
"ಟೈಮು ಎಷ್ಟು ತೋರಿಸುತ್ತೆ?"
"ಬೆಳಿಗ್ಗೆ ಐದೂವರೆ. ಅದೊಂದ್ ಸರಿಯಾಗದೆ.
ನಾನ್ ದಿನಾ ಬಾಗ್ಲು ತೆಗೆಯೋ ಹೊತ್ತು."

ಯಂತ್ರದ ಎಣಿಕೆ ಶುರುವಾಗುವುದು ಅಲ್ಲಿಂದ;
ಗ್ರೀನಿಚ್ಚಿನ ನಡುರಾತ್ರಿಯ ಸೊನ್ನೆ
ನಮ್ಮ ಕಡೆ ಬರುವಷ್ಟರಲ್ಲಿ ಐದೂವರೆ ಗಂಟೆ ಬೆಳೆದು
ಕೈಯಲ್ಲಿ ಕ್ಯಾನು ಹಿಡಿದು ನಿಂತಿರುತ್ತದೆ.
ಇದನ್ನು ಆಕೆಗೆ ಹೇಳಲಿಲ್ಲ. ಬಸ್ಸು ಹತ್ತಿದೆ.

ಡೈರಿಯ ಹಿಂದೆ ಮೊಣಕಾಲೆತ್ತರದ ಕಲ್ಲು.
ಮೇಲೆ ಸೂರ್ಯ ಚಂದ್ರ, ಕೆಳಗೆ ಹಸು ಕರು,
ಕುಡುಗೋಲು ಮಸೆದೂ ಮಸೆದೂ ಒಂದಂಚು ಸವೆದಿದೆ.
ಕ್ಯಾನು ತೊಳೆಯುವ ಹುಡುಗ ನೀರು ಎರಚಿ
ಓರೆ ಬಿಸಿಲಲ್ಲಿ ತೋರಿಸಿದ:
ಶಕವರುಷ, ಸಂವತ್ಸರದ ಹೆಸರು,
ಮಾಸ, ಪಕ್ಷ, ತಿಥಿ, ವಾರ.
ಯಾರೋ ಯಾರಿಗೋ ಗದ್ದೆ ಬಿಟ್ಟುಕೊಟ್ಟ ದಿನ.
ಕೆತ್ತಿದವನ ದಿನ ಎಲ್ಲೂ ಇಲ್ಲ.
ಉಳಿ ಹಿಡಿದು ಎಷ್ಟು ವಾರ ಕೂತನೋ,
ನಡುವೆ ಜ್ವರ ಬಂದು ಮಲಗಿದನೋ,
ಕೊನೆಯ ಎರಡು ಸಾಲು ಮಗನ ಕೈಗೆ ಕೊಟ್ಟನೋ
(ಅಲ್ಲಿ ಅಕ್ಷರ ಸ್ವಲ್ಪ ಸೊಟ್ಟಗಿವೆ).
ಮಾತು ಕೊಟ್ಟ ದಿನ ಒಂದೇ ಸಾಕಾಗಿತ್ತು ಕಲ್ಲಿಗೆ.

ಮರಳಿ ಬಂದು ಒಂದು ಸಾಲು ಬರೆದೆ:
ಗೋಡೆಯ ಗಡಿಯಾರ ನೋಡಬೇಡ,
ಕೋಡನ್ನು ಕೊನೆಗೆ ತಿದ್ದಿದ ಹೊತ್ತು ತೆಗೆದುಕೋ.
ಆ ಸಾಲೇ ಕೊನೆಯ ತಿದ್ದುಪಡಿಯಾಗಿ
ನನ್ನದೊಂದು ಗುರುವಾರ ಮಧ್ಯಾಹ್ನ
ಪೆಟ್ಟಿಗೆಯೊಳಗೆ ಹೋಗಿ ಕೂತಿತು. ನಾಚಿಕೆಯಾಯಿತು,
ಒಳಗೊಳಗೆ ಖುಷಿಯೂ.
ಹತ್ತು ದಿನ ಇತ್ತು ಅದು.
ಆಮೇಲೆ ಎಮ್ಮೆ ಹಾಲಿನ ದಶಾಂಶದಲ್ಲಿ
ಒಂದು ತಪ್ಪು ಹಿಡಿದಳು ತಸ್ನೀಮ್,
ರಾತ್ರಿ ಹನ್ನೊಂದು ನಲವತ್ತಕ್ಕೆ.
ಈಗ ನಾನು ಕಟ್ಟಲಿ, ಆರಾಧ್ಯರು ಕಟ್ಟಲಿ,
ಯಾವ ಊರಿನ ಯಾವ ಹಗಲಲ್ಲೇ ಕಟ್ಟಲಿ,
ಹೊರಗೆ ಬರುವುದು ಅವಳ ಆ ರಾತ್ರಿ.

ಚಿಕ್ಕತಾಯಮ್ಮ ಫೋನಿನಲ್ಲಿ ಓದಿ ಹೇಳಿದರು,
ತಾರೀಖು, ಇಸವಿ, ಎಲ್ಲ ಸರಿ.
"ಹನ್ನೊಂದು ನಲ್ವತ್ತು ರಾತ್ರಿ! ಅಷ್ಟೊತ್ನಲ್ಲಿ
ಯಾರ್ ಸಾ ಎದ್ದಿದ್ದೋರು?"
"ಒಬ್ಬರು ಎದ್ದಿದ್ದರು" ಅಂದೆ.
ಆ ಕಡೆ ಕ್ಯಾನಿನ ಮುಚ್ಚಳ ಬಿದ್ದ ಸದ್ದು,
"ಬಂದೆ ಇರ್ಲಾ" ಅಂತ ಯಾರಿಗೋ ಕೂಗು.