ಏಳು

ಪ್ಲಾಸ್ಟಿಕ್ ಚೀಲದ ಮೇಲೆ ಅವನ ಹೆಸರು, ನಂಬರು.
ಕೌಂಟರಿನಾಕೆ ಒಂದೊಂದೇ ತೆಗೆದಿಟ್ಟು ಓದಿದಳು:
ಬೆಲ್ಟು, ಒಂದು. ಸತ್ತ ಫೋನು, ಒಂದು.
ಎರಡು ಡಾಲರ್ ನಲವತ್ತು ಸೆಂಟು.
ಶೂ, ಒಂದು ಜೊತೆ, ಅಳತೆ ಏಳು.
ಬ್ರೋಡಿ ಸಹಿ ಹಾಕಿದ.

ಹೊರಗೆ ನನ್ನ ಕಾರಿಗೊರಗಿ
ಹಿಮ್ಮಡಿ ತುರುಕಿದ, ಲೇಸು ಸಡಿಲಿಸಿದ, ಮತ್ತೆ ತುರುಕಿದ.
ಹದಿನೈದರಲ್ಲಿ ಬಿಚ್ಚಿಟ್ಟ ಶೂ,
ಹದಿನೇಳರ ಕಾಲು.
ಒಳಗಿದ್ದವನ ಪಾದವೂ ಬೆಳೆಯುತ್ತದೆಂದು
ಯಾವ ರಿಜಿಸ್ಟರಿನಲ್ಲೂ ಬರೆದಿರಲಿಲ್ಲ.

ಅಡಿಲೇಡಿನಿಂದ ವೈಯಾಲಕ್ಕೆ ನಾಲ್ಕು ತಾಸಿನ ಮೇಲೆ.
ಬರಿಗಾಲು ಡ್ಯಾಶ್‌ಬೋರ್ಡಿನ ಮೇಲೆ ಚಾಚಿ ಕೂತ,
ನಾನು ಬೇಡವೆನ್ನಲಿಲ್ಲ.
ಪೋರ್ಟ್ ಅಗಸ್ಟಾ ದಾಟಿದ ಮೇಲೆ ಕೆಂಪು ಮಣ್ಣು, ಕುರುಚಲು,
ದೂರದಲ್ಲಿ ಉಕ್ಕಿನ ಕಾರ್ಖಾನೆಯ ಹೊಗೆ.
"ನಮ್ಮೂರು ಇಷ್ಟು ಚಿಕ್ಕದಿತ್ತಾ?" ಅಂದ.

ಬಾಗಿಲು ತೆಗೆದ ಅಜ್ಜಿ ಮೇವಿಸ್
ಮೊದಲು ನೋಡಿದ್ದು ಅವನ ಪಾದ.
ಕೋರ್ಟಿನ ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿದೆವು:
ಸಂಜೆ ಏಳರೊಳಗೆ ಮನೆಯಲ್ಲಿರತಕ್ಕದ್ದು.
ನನ್ನ ಭಾಷೆಯಲ್ಲಿ ಏಳು ಅಂದರೆ ಲೆಕ್ಕವೂ ಹೌದು,
ಮಲಗಿದವರನ್ನು ಎಬ್ಬಿಸುವ ಮಾತೂ ಹೌದು.
ಹೇಳಹೊರಟು ಸುಮ್ಮನಾದೆ.
ಬೋಧನೆ ಅವನಿಗೆ ಒಳಗೇ ಸಾಕಷ್ಟಾಗಿತ್ತು.

ಮೀನು-ಚಿಪ್ಸ್ ಅಂಗಡಿಯ ಸ್ಟಾವ್ರೊಸ್
ಒಡೆದ ಗಾಜನ್ನು ಮರೆತಿರಲಿಲ್ಲ.
ಮರೆಯಲಿ ಎಂದು ನಾನೂ ಕೇಳಲಿಲ್ಲ.
"ಹಿಂಬಾಗಿಲಿಂದ ಬರಲಿ. ಆಲೂಗಡ್ಡೆ ಸುಲಿಯಲಿ.
ಗಲ್ಲಾ ದಿನಾ ಎಣಿಸ್ತೀನಿ, ಅದೂ ಅವನಿಗೆ ಗೊತ್ತಿರಲಿ."
ಅಂಗಡಿ ಮುಚ್ಚುವುದು ಎಂಟೂವರೆಗೆ.

ಒಂಬತ್ತರ ಅಳತೆಯ ಬೂಟು
ಹಳೇ ಸಾಮಾನಿನ ಅಂಗಡಿಯಲ್ಲಿ ಒಂದೇ ಮಧ್ಯಾಹ್ನಕ್ಕೆ ಸಿಕ್ಕಿತು,
ನಾಲ್ಕು ಡಾಲರಿಗೆ.
ಹಾಳೆಯ ಮೇಲಿನ ಏಳನ್ನು ಒಂಬತ್ತು ಮಾಡಲು
ಮೂರು ಅರ್ಜಿ, ಹನ್ನೊಂದು ಫೋನು, ಆರು ವಾರ.
ನಡುವೆ ಒಂದು ದಿನ ಏಳೂಕಾಲಿಗೆ ಬಂದ.
ಪೊಲೀಸ್ ಕಾರು ಅವನಿಗಿಂತ ಮೊದಲೇ ಬಂದಿತ್ತು.
ಮೇವಿಸ್ ಆ ರಾತ್ರಿ ನನಗೆ ಫೋನು ಮಾಡಿ
ಏನೂ ಮಾತಾಡದೆ ಬಹಳ ಹೊತ್ತು ಹಿಡಿದುಕೊಂಡೇ ಇದ್ದಳು.

ಮೊನ್ನೆ ಮುಚ್ಚುವ ಹೊತ್ತಿಗೆ ಹೋಗಿದ್ದೆ.
ಸೊಂಟ ಹಿಡಿದಿದೆಯೆಂದು ಸ್ಟಾವ್ರೊಸ್
ಗಲ್ಲಾಕ್ಕೆ ಬೀಗ ಜಡಿದು ಹೊರಟಿದ್ದ, ಎಣಿಸದೆ.
ಬ್ರೋಡಿ ಬಾಗಿಲಿಗೆ ಅಡ್ಡ ನಿಂತ,
ಕೈಯಲ್ಲಿ ನೆಲ ಒರೆಸುವ ಕೋಲು, ಬೂಟಿನ ಮೇಲೆ ಹಿಟ್ಟು.
"ಎಣಿಸಿ," ಅಂದ.
"ನಾನಿರುವಾಗಲೇ ಎಣಿಸಿ."

ಮುದುಕ ಅವನನ್ನು ನೋಡಿದ, ಗಡಿಯಾರವನ್ನು ನೋಡಿದ,
ಬೈಯುತ್ತಲೇ ಸ್ಟೂಲಿನ ಮೇಲೆ ಮತ್ತೆ ಕೂತ,
ನಾಣ್ಯ ಸುರಿದುಕೊಂಡು ಜೋರಾಗಿ ಶುರು ಮಾಡಿದ,
ಇಬ್ಬರಿಗೂ ಕೇಳುವ ಹಾಗೆ:
ನಾಲ್ಕು, ಐದು, ಆರು,
ಏಳು